ಟಿ ಅನ್ನುವ ಅಕ್ಷರ, ಎತ್ತಿದ ಕೈ

ಜನವರಿ 20, ಸೋಮವಾರ

ಮನೆಯಲ್ಲಿ ಯಾರೂ ನನ್ನ ಜೊತೆ ಮಾತಾಡುತ್ತಿಲ್ಲ. ಬೈಯೋಣವೆಂದರೆ ಎದುರಿಗೆ ನಿಲ್ಲುವವರೇ ಇಲ್ಲ. ಹಾಗಾಗಿ ಗೊಬ್ಬರದ ಅಂಗಡಿಯವನು ಹೊಸ ವರ್ಷಕ್ಕೆ ಕೊಟ್ಟ ಈ ಡೈರಿಯಲ್ಲಿ ಬರೆಯುತ್ತಿದ್ದೇನೆ. ನಾನು ಓದಿದ್ದು ಗುಂಡ್ಲುಪೇಟೆಯ ಕಡೆ, ಅವ್ವೆಯ ಅಕ್ಕನ ಮನೆಯಲ್ಲಿದ್ದುಕೊಂಡು, ಏಳನೇ ತರಗತಿಯ ಅರ್ಧದವರೆಗೆ. ಮೇಷ್ಟರು ಕೆನ್ನೆಗೆ ಹೊಡೆದರು, ನಾನು ಸ್ಲೇಟು ಎಸೆದು ಮನೆಗೆ ಬಂದೆ. ಕನ್ನಡ ಮಾತ್ರ ಕೈಬಿಟ್ಟಿಲ್ಲ. ಈ ಮನೆಯಲ್ಲಿ ಮಿಕ್ಕವರೆಲ್ಲ ತಮಿಳು ಶಾಲೆಯವರು, ಇದನ್ನು ಓದಲಾರರು. ಒಳ್ಳೆಯದೇ ಆಯಿತು.

ಆದದ್ದು ಇಷ್ಟು. ನನ್ನ ಮಗ ಧರ್ಮಲಿಂಗನ ಮಗಳು ಸಿಂಧುಜಾ ಊಟಿಯ ಕಾಲೇಜಿನಲ್ಲಿ ಗಣಿತದ ಎಂ.ಎಸ್ಸಿ. ಕೊನೆಯ ವರ್ಷ. ಕಂಪ್ಯೂಟರಿನಲ್ಲಿ ಏನೋ ಲೆಕ್ಕ ಕಟ್ಟಿದ್ದಾಳೆ. ಅದನ್ನು ಮೇಷ್ಟರುಗಳ ಮುಂದೆ ಬಾಯಲ್ಲಿ ವಿವರಿಸಬೇಕು, ಅದಕ್ಕೆ ವೈವಾ ಅನ್ನುತ್ತಾರೆ. ಶುಕ್ರವಾರ ಹೋದಳು. ಕೊಯಮತ್ತೂರಿನಿಂದ ಬಂದಿದ್ದ ದೊಡ್ಡ ಮೇಷ್ಟರೊಬ್ಬರು ನಡುವೆ ಏನೋ ಕೇಳಿದರಂತೆ. ಇವಳು ಬಾಯಿ ಮುಚ್ಚಿದವಳು ಮತ್ತೆ ತೆರೆಯಲೇ ಇಲ್ಲವಂತೆ. ಫೇಲು. ಮಾರ್ಚಿನಲ್ಲಿ ಇನ್ನೊಂದೇ ಅವಕಾಶ. ಅಲ್ಲೂ ಹೀಗೇ ಆದರೆ ಒಂದು ವರ್ಷ ಹೋಯಿತು, ಕೂನೂರಿನ ಶಾಲೆಯವರು ಜೂನ್‌ಗೆ ಕೊಡುತ್ತೇವೆಂದ ಟೀಚರ್ ಕೆಲಸವೂ ಹೋಯಿತು.

ಸುದ್ದಿ ಕೇಳಿ ನಾನು ಕೂಗಿದ್ದು ನಿಜ. "ಗೊತ್ತಿದ್ದರೆ ಹೇಳು, ಗೊತ್ತಿಲ್ಲದಿದ್ದರೆ ಇಲ್ಲ ಅನ್ನು. ಕಂಬದ ಹಾಗೆ ನಿಂತದ್ದು ಯಾಕೆ?" ಅಂದೆ.

"ಅಜ್ಜ, ಅದು ಹೇಗಾಯ್ತು ಅಂದ್ರೆ..."

"ಹೇಗಾದರೂ ಆಗಲಿ!"

ಅವಳು ಸುಮ್ಮನಾದಳು. ಅಲ್ಲಿಯೂ ಹೀಗೇ ಆಗಿರಬೇಕು. ಈ ಗುಣ ಇವಳಿಗೆ ಎಲ್ಲಿಂದ ಬಂತೋ ತಿಳಿಯದು. ನಮ್ಮ ಮನೆತನದಲ್ಲಿ ಬಾಯಿಲ್ಲದವರು ಯಾರೂ ಇಲ್ಲ.

ಜನವರಿ 22, ಬುಧವಾರ

ಹಿಮ ಬಿದ್ದು ಕೆಳಗಿನ ತೋಟದ ಟೀ ಕರಕಾಗಿದೆ. ಸೊಸೆ ಸರೋಜಾ ಹಿಟ್ಟಿನ ಮುದ್ದೆ, ಅವರೆ ಸಾರು ಬಡಿಸಿಟ್ಟು ಒಳಗೆ ಹೋಗುತ್ತಾಳೆ. ಉಪ್ಪು ಕಡಿಮೆ ಅಂದೆ. ಗೋಡೆಗೆ ಹೇಳಿದ ಹಾಗಾಯಿತು.

ಜನವರಿ 26, ಭಾನುವಾರ

ಸರೋಜಾ ಬಾಗಿಲ ಹತ್ತಿರ ಬಂದು ನಿಂತಳು. ಹಿಂದೆ ಧರ್ಮಲಿಂಗ. ಅವನು ಅರವಂಕಾಡಿನ ಫ್ಯಾಕ್ಟರಿಯಲ್ಲಿ ಎಷ್ಟೋ ಜನರ ಮೇಲೆ ಫೋರ್‌ಮನ್, ಮನೆಯಲ್ಲಿ ಹೆಂಡತಿಯ ಹಿಂದೆ ನಿಲ್ಲುತ್ತಾನೆ.

"ಮಾವ, ಕಾಲೇಜಿನ ಗಾಯತ್ರಿ ಮ್ಯಾಡಮ್ ಫೋನ್ ಮಾಡಿದ್ರು. ನಮ್ಮ ಹುಡುಗಿಗೆ ಎಲ್ಲ ಗೊತ್ತಂತೆ. ಯಾರಾದ್ರೂ ನಡುವೆ ಬಾಯಿ ಹಾಕಿದ್ರೆ ಮಾತ್ರ ನಿಂತುಬಿಡ್ತಾಳಂತೆ. ಅದಕ್ಕೆ ಮನೇಲಿ ದಿನಾ ಯಾರಿಗಾದ್ರೂ ಹೇಳಿಕೊಡಬೇಕಂತೆ."

"ಹೇಳಿಕೊಡಲಿ. ನಿಮಗೆ ಹೇಳಲಿ."

"ನಾವು ಸುಮ್ಮನೆ ಕೇಳಿಕೊಂಡು ಕೂರ್ತೀವಿ ಮಾವ, ಅದು ಪ್ರಯೋಜನ ಇಲ್ಲೆ. ಏನೂ ತಿಳಿಯದವರು ಬೇಕಂತೆ. ಒಂದು ಮಾತು ಮುಗಿಸೋಕೆ ಬಿಡದವರು ಬೇಕಂತೆ. ಅಂಥವರು ಯಾರಿದ್ದಾರೆ ಅಂತ ನಾವೂ ಯೋಚನೆ ಮಾಡಿದ್ವಿ."

ಅವಳು ನಗಲಿಲ್ಲ. ಧರ್ಮಲಿಂಗ ಕೆಮ್ಮಿಕೊಂಡು ಹೊರಗೆ ಹೋದ.

ನಾನು ಆಯಿತು ಅಂದೆ. ಮನೆಯ ಕೂಸಿನ ವರ್ಷ ಹಾಳಾಗುವುದನ್ನು ನೋಡಿಕೊಂಡಿರಲು ಆಗುವುದಿಲ್ಲ. ಆದರೆ ಸೊಸೆಯ ನಾಲಿಗೆ ಇತ್ತೀಚೆಗೆ ಉದ್ದವಾಗಿದೆ.

ಫೆಬ್ರವರಿ 2, ಭಾನುವಾರ

ಮೊದಲ ಪಾಠ. ಒಲೆಯ ಪಕ್ಕದಲ್ಲಿ ಮಣೆ ಹಾಕಿಕೊಂಡು ಲ್ಯಾಪ್‌ಟಾಪ್ ತೆರೆದಳು. ನನ್ನ ಮುಖ ನೋಡದೆ ಶುರು ಮಾಡಿದಳು.

"ಅಜ್ಜ, ಇದು ಅಂಗಡಿ ಕ್ಯಾಲ್ಕುಲೇಟರ್ ಥರ ಅಲ್ಲ. ಇದಕ್ಕೆ ಅಂಕಿ ಕೊಡಲೇಬೇಕು ಅಂತಿಲ್ಲ. ಬರೀ ಅಕ್ಷರ ಕೊಟ್ಟರೂ ಲೆಕ್ಕ ಮಾಡ್ತದೆ. ನೋಡಿ, ಟಿ ಪ್ಲಸ್ ಟಿ."

ಒತ್ತಿದಳು. ಎರಡು ಟಿ ಅಂತ ಬಂತು.

"ಎರಡು ಟಿ ಅಂದರೆ ಎಷ್ಟು?"

"ಅದು ಇನ್ನೂ ಗೊತ್ತಿಲ್ಲೆ. ಟಿ ಎಷ್ಟು ಅಂತ ನಾವು ಹೇಳಿಲ್ಲವಲ್ಲ."

"ಎಷ್ಟು ಅಂತ ಗೊತ್ತಿಲ್ಲದೆ ಉತ್ತರ ಹೇಳಿತಾ?"

"ಅದೇ ಇದರ ವಿಶೇಷ. ಗೊತ್ತಾಗೋ ತನಕ ಅಕ್ಷರವನ್ನ ಹಾಗೇ ಇಟ್ಟುಕೊಂಡು..."

"ಎಲೆ ಎಷ್ಟು ಕಿಲೋ ಅಂತ ಕೇಳಿದರೆ ಎರಡು ಮೂಟೆ ಅಂದ ಹಾಗಾಯಿತು. ಇದಕ್ಕೆ ಕಾಲೇಜು ಬೇಕಾ?"

ಅವಳ ಬಾಯಿ ಮುಚ್ಚಿತು. ಕತ್ತು ಕೆಳಗೆ ಹೋಯಿತು. ಲ್ಯಾಪ್‌ಟಾಪಿನ ಬೆಳಕು ಅವಳ ಮುಖದ ಮೇಲೆ ಬಿದ್ದಿತ್ತು. ನಾನು ಕಾದೆ. ಕೊನೆಗೆ ಎದ್ದು ಹೊರಗೆ ಬಂದೆ. ಹೀಗೇ ಆದರೆ ಮಾರ್ಚಿನಲ್ಲಿಯೂ ಅಷ್ಟೇ.

ಫೆಬ್ರವರಿ 5, ಬುಧವಾರ

ಇವತ್ತು ಸ್ವಲ್ಪ ಮುಂದೆ ಹೋಯಿತು. ಯಾಕೆಂದರೆ ನನಗೆ ಹಲ್ಲುನೋವು, ಬಾಯಿ ತೆರೆಯಲು ಆಗುತ್ತಿರಲಿಲ್ಲ. ಲವಂಗ ಕಚ್ಚಿಕೊಂಡು ಕೂತಿದ್ದೆ. ಅವಳು ಹೇಳಿದ್ದನ್ನು ತಿಳಿದಷ್ಟು ಬರೆಯುತ್ತೇನೆ.

ಟೀ ಫ್ಯಾಕ್ಟರಿಯಲ್ಲಿ ಹಸಿ ಎಲೆಯನ್ನು ಉದ್ದನೆಯ ತೊಟ್ಟಿಯಲ್ಲಿ ಹರಡಿ ಗಾಳಿ ಬಿಟ್ಟು ಬಾಡಿಸುತ್ತಾರಲ್ಲ, ಅದರಲ್ಲಿ ಗಂಟೆಗಂಟೆಗೂ ಎಲೆಯ ನೀರು ಎಷ್ಟು ಇಳಿಯುತ್ತದೆ ಅನ್ನುವುದಕ್ಕೆ ಇವಳು ಒಂದು ಸೂತ್ರ ಮಾಡಿದ್ದಾಳೆ. ಅದರಲ್ಲಿ ಟಿ ಅಂದರೆ ಗಂಟೆ. ಆ ಸೂತ್ರವನ್ನು ತೆಗೆದುಕೊಂಡು ಗೆರೆ ಎಳೆಯುವ ಒಂದು ಆಜ್ಞೆಯನ್ನೂ ಇವಳೇ ಬರೆದಿದ್ದಾಳೆ. ನೀರು ಇಳಿದ ಹಾಗೆ ಗೆರೆ ಬಾಗಿ ಕೆಳಗೆ ಬರಬೇಕು. ವೈವಾ ದಿನ ಮೇಷ್ಟರ ಮುಂದೆ ಒತ್ತಿದರೆ ಗೆರೆ ಹಗ್ಗ ಬಿಗಿದ ಹಾಗೆ ನೆಟ್ಟಗೆ ಬಂತಂತೆ. ಇಡೀ ದಿನ ಗಾಳಿ ಬಿಟ್ಟರೂ ಎಲೆಯಿಂದ ಹನಿ ನೀರು ಹೋಗಲಿಲ್ಲ ಅನ್ನುವ ಹಾಗೆ.

ಕಾರಣ ಇದು. ಅದೇ ದಿನ ಬೆಳಿಗ್ಗೆ ಬೇರೆ ಏನಕ್ಕೋ ಅವಳು ಟಿ ಅಂದರೆ ಇಪ್ಪತ್ತೆರಡು ಅಂತ ಹೇಳಿಟ್ಟಿದ್ದಳು. ಕೋಣೆಯ ಬಿಸಿ ಇಪ್ಪತ್ತೆರಡು ಡಿಗ್ರಿ ಅಂತ. ಹೇಳಿದ್ದನ್ನು ಅಳಿಸಲು ಮರೆತಳು. ಆಮೇಲೆ ಸೂತ್ರವನ್ನು ಗೆರೆ ಎಳೆಯುವ ಆಜ್ಞೆಗೆ ಕೊಟ್ಟಾಗ, ಒಳಗೆ ಕಳಿಸುವ ಮುಂಚೆಯೇ ಯಂತ್ರ ಟಿ ಇದ್ದ ಕಡೆಯಲ್ಲೆಲ್ಲ ಇಪ್ಪತ್ತೆರಡು ಹಾಕಿಬಿಟ್ಟಿತು. ಒಳಗೆ ಒಂದನೇ ಗಂಟೆ, ಎರಡನೇ ಗಂಟೆ ಅಂತ ಬದಲಾಗುತ್ತಾ ಹೋಯಿತು. ಆದರೆ ಬದಲಾಗಲು ಸೂತ್ರದಲ್ಲಿ ಟಿ ಎಲ್ಲಿದೆ? ಬಾಗಿಲಲ್ಲೇ ಹೋಯಿತಲ್ಲ.

ಇದು ನನಗೆ ತಿಳಿಯಿತು. ಲವಂಗ ಪಕ್ಕಕ್ಕೆ ಸರಿಸಿ ಹೇಳಿದೆ: "ಅವಸರದ ಯಂತ್ರ. ಏನು ಕೇಳುತ್ತಿದ್ದಾರೆ ಅಂತ ಪೂರ್ತಿ ಕೇಳುವ ಮುಂಚೆ ತನಗೆ ಗೊತ್ತಿರುವುದನ್ನು ತುರುಕಿದರೆ ಹೀಗೇ ಆಗುತ್ತದೆ. ಅದಕ್ಕೆ ಯಾರೂ ಬುದ್ಧಿ ಕಲಿಸಿಲ್ಲವಾ?"

ಸಿಂಧುಜಾ ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಒಳಗೆ ಸರೋಜಾ ಪಾತ್ರೆ ಉಜ್ಜುವುದನ್ನು ನಿಲ್ಲಿಸಿದಳು.

"ಕಲಿಸಬಹುದು ಅಜ್ಜ" ಅಂದಳು ಸಿಂಧುಜಾ. "ಸೂತ್ರದ ಮುಂದೆ ಒಂದು ಸಣ್ಣ ಗೀಟು ಹಾಕಬೇಕು. ಗೀಟು ಇದ್ರೆ ಟಿ ಎಷ್ಟು ಅಂತ ಈಗಲೇ ಬಿಚ್ಚಬೇಡ, ಹಾಗೇ ಒಳಗೆ ಕಳಿಸು ಅಂತ ಅರ್ಥ. ಬೇಕಾದ ಜಾಗ ಬಂದಾಗ ಒಳಗಿನವರು ಬಿಚ್ಚಿಕೊಳ್ತಾರೆ."

"ಒಂದು ಗೀಟಿಗೆ ಅಷ್ಟು ಮರ್ಯಾದೆಯಾ?"

"ಅಷ್ಟು ಮರ್ಯಾದೆ."

ಇವತ್ತು ಅವಳು ನಡುವೆ ನಿಲ್ಲಲಿಲ್ಲ. ಆ ಹೊತ್ತಿಗೆ ಹಲ್ಲುನೋವೂ ಇಳಿದಿತ್ತು.

ಫೆಬ್ರವರಿ 9, ಭಾನುವಾರ

ಕೇಳಿಯೇಬಿಟ್ಟೆ. "ಇಷ್ಟು ಚೆನ್ನಾಗಿ ನನಗೆ ಹೇಳಿದವಳು ಆ ಮೇಷ್ಟರಿಗೆ ಯಾಕೆ ಹೇಳಲಿಲ್ಲ?"

ಅವಳು ಕಾರ್ಡಿಗನ್ನಿನ ಗುಂಡಿ ತಿರುಗಿಸುತ್ತಾ ಕೂತಳು. ನನ್ನ ಬಾಯಿಗೆ ಬಂದದ್ದನ್ನು ನಾನು ನುಂಗಿದೆ. ಇಲ್ಲದಿದ್ದರೆ ಇವಳು ಬೆಳಗಾದರೂ ಹೇಳುವುದಿಲ್ಲ.

"ಗೆರೆ ನೆಟ್ಟಗೆ ಬಂತಲ್ಲ, ಯಾಕೆ ಅಂತ ನನಗೆ ಕೂಡಲೇ ಗೊತ್ತಾಯ್ತು ಅಜ್ಜ. ಹೇಳೋಕೆ ಶುರು ಮಾಡಿದ್ದೆ. ಆ ಸಾರ್ ಕೈ ಎತ್ತಿದರು. ನಿಲ್ಲಿಸು ಅನ್ನೋ ಹಾಗೆ. ಅವರ ತಲೆ ಪೂರ್ತಿ ಬೆಳ್ಳಗಿತ್ತು, ನಿಮ್ಮ ಹಾಗೇ. ನನ್ನ ಕತ್ತು ತಾನಾಗೇ ಬಗ್ಗಿತು."

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು.

ನಮ್ಮಲ್ಲಿ ಹಿರಿಯರು ಕೈ ಎತ್ತಿದರೆ ಎಳೆಯರು ತಲೆ ಬಾಗಿಸುತ್ತಾರೆ. ಹಿರಿಯರು ತಲೆಯ ಮೇಲೆ ಕೈಯಿಟ್ಟು ಹರಸುತ್ತಾರೆ. ಹರಸಿ ಮುಗಿಯುವ ತನಕ ತುಟಿ ಬಿಚ್ಚುವಂತಿಲ್ಲ, ತಲೆ ಎತ್ತುವಂತಿಲ್ಲ. ನನ್ನದು ಉದ್ದ. ಆಯುಸ್ಸು, ಮನೆ, ಹೊಲ, ಹಸು, ಕರು, ಮಕ್ಕಳ ಮಕ್ಕಳು, ಒಂದನ್ನೂ ಬಿಡುವುದಿಲ್ಲ. ನಮ್ಮ ಊರಾದ ಈ ಹಟ್ಟಿಯಲ್ಲಿ ಈಗ ನನಗಿಂತ ದೊಡ್ಡವರಿಲ್ಲ. ಇವಳು ನಡೆಯಲು ಕಲಿತ ದಿನದಿಂದ ನನ್ನ ಕೈ ಎದುರು ತಲೆ ಬಾಗಿಸಿದವಳು.

"ಆಮೇಲೆ?" ಅಂದೆ.

"ಆಮೇಲೆ ಏನು. ಅವರು ಹರಸೋರಲ್ಲವಲ್ಲ. ಕೈ ಇಳಿಸಿ ಕಾದರು. ನಾನು ತಲೆ ಬಗ್ಗಿಸಿಕೊಂಡೇ ಇದ್ದೆ. ಗೊತ್ತಿಲ್ಲ ಅಂತ ಬರೆದುಕೊಂಡು ಎದ್ದರು."

"ಅದು ಅವನ ತಪ್ಪು! ನಮ್ಮ ಪದ್ಧತಿ ಅವನಿಗೆ ತಿಳಿದಿರಬೇಕಿತ್ತು. ನೀನು ಸರಿಯಾಗೇ ಮಾಡಿದೆ."

"ಸರಿಯಾಗೇ ಮಾಡಿ ಫೇಲಾದೆ ಅಜ್ಜ."

ಕೊಯಮತ್ತೂರಿನವನಿಗೆ ಹೇಳಬೇಕಾದ ಮಾತುಗಳು ಬಹಳ ಇವೆ. ಬರೆದರೆ ಈ ಡೈರಿ ಸಾಲದು.

ಫೆಬ್ರವರಿ 12, ಬುಧವಾರ

ಹಾಳಾಗಿ ಹೋಗಲಿ.

ಉಪಾಯ ನನ್ನದೇ. ನಾನು ಆ ಮೇಷ್ಟರಾಗುತ್ತೇನೆ, ನಡುವೆ ಕೈ ಎತ್ತುತ್ತೇನೆ, ನೀನು ತಲೆ ಬಗ್ಗಿಸದೆ ಮಾತಾಡುತ್ತಾ ಹೋಗಬೇಕು ಅಂದೆ. ಅವಳು ಬೇಡ ಬೇಡ ಅಂದಳು. ನಾನು ಬಿಡಲಿಲ್ಲ. ಶುರು ಮಾಡಿದಳು, ಕೈ ಎತ್ತಿದೆ, ಬಗ್ಗಿದಳು. ಮತ್ತೆ ಶುರು, ಮತ್ತೆ ಬಗ್ಗಿದಳು. ಬೈದೆ. ಆಮೇಲಿನ ಸಲ ಹಲ್ಲು ಕಚ್ಚಿ, ಕಣ್ಣಲ್ಲಿ ನೀರು ತುಂಬಿಕೊಂಡು, ನನ್ನ ಕೈಯನ್ನೇ ನೋಡುತ್ತಾ ಮಾತು ಮುಂದುವರಿಸಿದಳು. ತಲೆ ನೆಟ್ಟಗಿತ್ತು.

ಕೇಳಿದ್ದು ನಾನೇ. ಆದರೂ ಎದುರಿಗೆ ನೋಡಿದಾಗ ತಡೆಯಲಾಗಲಿಲ್ಲ. ಇಷ್ಟು ವರ್ಷದಲ್ಲಿ ನನ್ನ ಎತ್ತಿದ ಕೈ ಎದುರು ತಲೆ ಎತ್ತಿ ನಿಂತವರು ಯಾರೂ ಇಲ್ಲ.

"ಸಾಕು! ಓದಿಸಿದ್ದಕ್ಕೆ ಇದಾ?" ಅಂತ ಕೂಗಿ, ಮಫ್ಲರ್ ಸುತ್ತಿಕೊಂಡು ಟೀ ಅಂಗಡಿಗೆ ಹೋದೆ.

ಅಲ್ಲಿ ಪಕ್ಕದ ಮನೆಯ ನಂಜುಂಡನ್ ಕೂತಿದ್ದ. ಅವನದು ಯಾವಾಗಲೂ ಒಂದೇ ರಾಗ, ಕಾಡುಕೋಣದ್ದು. "ಹಾಲಣ್ಣ, ಆವತ್ತು ಕೆಳಗಿನ ತೋಟಕ್ಕೆ ಕಾಟಿ ನುಗ್ಗಿತಲ್ಲ..."

"ಗೊತ್ತು, ನೀನು ಓಡಿಸಿದೆ. ಟೀ ಕುಡಿ."

ಫೆಬ್ರವರಿ 13, ಗುರುವಾರ

ಬೆಳಿಗ್ಗೆ ಹಸುವಿಗೆ ಹುಲ್ಲು ಹಾಕುತ್ತಿದ್ದೆ. ಸಿಂಧುಜಾ ಕೊಟ್ಟಿಗೆಗೆ ಬಂದಳು. ಕಾಲೇಜಿಗೆ ಹೊರಟ ಬಟ್ಟೆಯಲ್ಲೇ ಸಗಣಿಯ ಪಕ್ಕ ನಿಂತಳು.

"ಅಜ್ಜ, ಒಂದು ಮಾತು. ಮುಗಿಯೋ ತನಕ ಗೀಟು ಹಾಕ್ಕೊಂಡಿರ್ತೀರಾ?"

"ಹೇಳು."

"ಮೊನ್ನೆ ಗೀಟಿನ ವಿಷಯ ಮಾತ್ರ ಹೇಳಿದ್ದೆ. ಇನ್ನೊಂದಿದೆ. ಆಜ್ಞೆ ಬರೆಯುವಾಗ ಮೊದಲ ಸಾಲಲ್ಲೇ, ಇದರ ಒಳಗೆ ಟಿ ನನ್ನದು ಅಂತ ಹೇಳಿಬಿಡಬಹುದು. ಆಗ ಹೊರಗೆ ಟಿ ಇಪ್ಪತ್ತೆರಡು ಇದ್ರೂ, ಒಳಗಿರೋ ತನಕ ಅದಕ್ಕೂ ಇದಕ್ಕೂ ಸಂಬಂಧ ಇಲ್ಲೆ. ಒಳಗೆ ಟಿ ಒಂದಾಗಲಿ, ಹತ್ತಾಗಲಿ. ಕೆಲಸ ಮುಗಿದು ಈಚೆ ಬಂದಾಗ ಹೊರಗಿನ ಇಪ್ಪತ್ತೆರಡು ಹಾಗೇ ಇರ್ತದೆ. ಯಾರೂ ಮುಟ್ಟಿರೋದಿಲ್ಲೆ."

ಹಸು ಕತ್ತು ಚಾಚಿ ಅವಳ ಶಾಲು ಎಳೆಯಿತು. ಬಿಡಿಸಿಕೊಂಡಳು.

"ಅಷ್ಟು ತಾಪತ್ರಯ ಯಾಕೆ? ಒಂದಕ್ಕೆ ಬೇರೆ ಅಕ್ಷರ ಇಡು. ಅಕ್ಷರಕ್ಕೆ ಬರವಾ?"

"ನಮ್ಮ ಹಟ್ಟಿಯಲ್ಲಿ ಹಾಲ ಅನ್ನೋ ಹೆಸರಿನವರು ಎಷ್ಟು ಜನ ಇದ್ದಾರೆ? ಮೇಲಿನ ಮನೆಗೆ ಹೋಗಿ, ಹೆಸರು ಬದಲಾಯಿಸಿಕೊಳ್ಳಿ ಅಂತ ಹೇಳ್ತೀರಾ? ಅವರ ಮನೆಯೊಳಗೆ ಹಾಲ ಅಂದ್ರೆ ಅವರು. ನಮ್ಮ ಮನೆಯೊಳಗೆ ನೀವು."

"ಹೇಳಬೇಕಾದದ್ದು ಹೇಳು, ಹಾಲನ ಲೆಕ್ಕ ಬೇಡ."

"ನೆನ್ನೆಯದೂ ಹಾಗೇ ಅಂದುಕೊಳ್ಳಿ ಅಂತ ಹೇಳೋಕೆ ಬಂದೆ. ಒಲೆ ಮುಂದೆ ನಾವು ಅಭ್ಯಾಸ ಮಾಡೋ ಆ ಹೊತ್ತು ಮಾತ್ರ ನಿಮ್ಮ ಕೈ ಬೇರೆ. ಅದು ಮೇಷ್ಟರ ಕೈ. ಅಲ್ಲಿಂದ ಎದ್ದ ಮೇಲೆ ನಿಮ್ಮ ಕೈ ನಿಮ್ಮದೇ. ಅದನ್ನ ನಾನು ಮುಟ್ಟಿಲ್ಲ ಅಜ್ಜ."

ಹೇಳಿ, ಅಲ್ಲೇ ಸಗಣಿಯ ಪಕ್ಕ ತಲೆ ಬಾಗಿಸಿದಳು. ನನ್ನ ಕೈ ತುಂಬ ಹುಲ್ಲು. ಒರೆಸಿಕೊಂಡು ತಲೆಯ ಮೇಲೆ ಇಟ್ಟೆ. ಬಸ್ಸಿಗೆ ಹೊತ್ತಾಗುತ್ತಿತ್ತು, ಹಸು ಕರುಗಳನ್ನು ಬಿಟ್ಟು ಬರೀ ಆಯುಸ್ಸು ಹೇಳಿ ಕಳಿಸಿದೆ.

ಸಾಯಂಕಾಲ ನಾನೇ ಮಣೆ ಹಾಕಿ ಕೂತೆ.

ಫೆಬ್ರವರಿ 20, ಗುರುವಾರ

ಅಭ್ಯಾಸ ನಡೆಯುತ್ತಿದೆ. ದಿನಾ ಬರೆಯುವಂಥದ್ದೇನಿಲ್ಲ. ಕೈ ಎತ್ತಿದರೆ ಈಗ ಅವಳ ಕಣ್ಣು ಒಂದು ಸಲ ಮಿಟುಕುತ್ತದೆ, ಕತ್ತು ಬಗ್ಗುವುದಿಲ್ಲ. ಆದರೆ ಕೈಯ ಜೊತೆ ನಾನು ಬಾಯಿ ಹಾಕಿದರೆ ಇನ್ನೂ ತಡವರಿಸುತ್ತಾಳೆ. ನನ್ನ ಕಷ್ಟ ಬೇರೆ. ಎಲ್ಲಿ ಬಾಯಿ ಹಾಕಬೇಕು ಅಂತ ತಿಳಿಯಬೇಕಾದರೆ ಅವಳು ಹೇಳುವುದನ್ನೆಲ್ಲ ಕೇಳಬೇಕು. ಇಷ್ಟು ಕೇಳುವುದು ಎಲೆ ಕೀಳುವುದಕ್ಕಿಂತ ಸುಸ್ತು.

ಟೀ ಅಂಗಡಿಯಲ್ಲಿ ನಂಜುಂಡನ್ ಮತ್ತೆ ಅದೇ ಕಾಟಿ ತೆಗೆದ. ನನಗೆ ಬೈಯುವಷ್ಟು ತ್ರಾಣ ಇರಲಿಲ್ಲ, ಟೀ ಬೇರೆ ಕುದಿಯುತ್ತಿತ್ತು. ಊದುತ್ತಾ ಕೂತೆ. ಅವನು ಹೇಳುತ್ತಾ ಹೋದ. ಕಾಟಿ ಅವನನ್ನು ನೋಡಿ ಓಡಲಿಲ್ಲವಂತೆ. ಅವನೇ ಓಡಿ ಮೋರಿಯೊಳಗೆ ನುಸುಳಿದನಂತೆ. ಕಾಟಿ ಮೋರಿಯ ಬಾಯಲ್ಲೇ ನಿಂತಿತಂತೆ.

"ಆಮೇಲೆ ಏನಾಯ್ತು ಗೊತ್ತಾ ಹಾಲಣ್ಣ?" ಅಂತ ಕೇಳಿ, ಅವನೇ ನಿಂತ. ನಾನು ಗೊತ್ತು ಅನ್ನುತ್ತೇನೆ ಅಂತ ಕಾಯುತ್ತಿದ್ದನೋ ಏನೋ.

"ಹೇಳೋ" ಅಂದೆ.

"ನಮ್ಮ ಪೊನ್ನಮ್ಮಕ್ಕ ಹಾಲಿನ ಕ್ಯಾನು ತಗೊಂಡು ಬರ್ತಾ ಇದ್ದರು. ಕ್ಯಾನಿನ ಮುಚ್ಚಳ ತೆಗೆದು ಡಬಡಬ ಬಡಿದುಕೊಂಡು, ಆ ಕಾಟಿಗೆ ಬೈದರು ನೋಡು, ನಿನಗೂ ಹಾಗೆ ಬೈಯೋಕೆ ಬರಲ್ಲ. ಅದು ಕಾಡಿಗೆ ಓಡಿತು. ನನ್ನ ಕಾಲು ಹಿಡಿದು ಎಳೆದರು. ಎಳೆದು ಏನಂದರು ಗೊತ್ತಾ, ನಮ್ಮನೆಯವರಿಗೆ ಹೇಳಬೇಡ, ನಾನು ಕಾಟಿ ಎದುರು ನಿಂತೆ ಅಂದ್ರೆ ಅವರಿಗೆ ಎದೆ ಒಡೆದುಹೋಗ್ತದೆ ಅಂದರು. ಅಕ್ಕ ಇರೋ ತನಕ ಹೇಳಲಿಲ್ಲ. ಆಮೇಲೆ ಹೇಳೋಣ ಅಂತ ಎಷ್ಟು ಸಲ ಬಾಯಿ ತೆಗೆದೆ, ನೀ ಎಲ್ಲಿ ಬಿಟ್ಟೆ."

ನನ್ನ ಹೆಂಡತಿ ಪೊನ್ನಮ್ಮ ಹೋಗಿ ಆರು ವರ್ಷವಾಯಿತು. ಅವಳ ಬಗ್ಗೆ ನನಗೆ ಗೊತ್ತಿಲ್ಲದ್ದು ಇನ್ನೇನೂ ಇಲ್ಲ ಅಂದುಕೊಂಡಿದ್ದೆ.

ನಂಜುಂಡನ್ ಟೀಗೂ ನಾನೇ ಕೊಟ್ಟೆ. ಬೈದದ್ದು ಏನಂತ ಬೈದಳು ಅಂತಲೂ ಕೇಳಿದೆ. ಇಲ್ಲಿ ಬರೆಯುವಂಥದ್ದಲ್ಲ.

ಫೆಬ್ರವರಿ 27, ಗುರುವಾರ

ಇವತ್ತು ನಾನು ಪೂರ್ತಿ ಮೇಷ್ಟರಾಗಿ ಕೂತಿದ್ದೆ. ಧರ್ಮಲಿಂಗನ ಕೋಟು ಹಾಕಿಕೊಂಡಿದ್ದೆ. ಅವಳು ಸೂತ್ರ ಕೊಟ್ಟು ಗೆರೆ ಎಳೆಯುವ ಹೊತ್ತಿಗೆ ಕೈ ಎತ್ತಿ ಕೂಗಿದೆ: "ನಿಲ್ಲು! ಒಳಗಿನ ಟಿ ಹೊರಗೆ ಸೋರಿದರೆ?"

ಈ ಪ್ರಶ್ನೆ ನಾನೇ ಯೋಚಿಸಿದ್ದು. ಹಸುವಿಗೆ ನೀರು ಇಡುವಾಗ ಹೊಳೆಯಿತು. ಅವಳು ಬಾಯಿ ತೆರೆದಳು, ಮುಚ್ಚಿದಳು. ಆಮೇಲೆ, "ಸಾರ್, ಈಗ ಹೇಳ್ತಾ ಇರೋದನ್ನ ಮುಗಿಸಿ ಅದಕ್ಕೆ ಬರ್ತೀನಿ" ಅಂದಳು. ಮುಗಿಸಿದಳು. ಅದಕ್ಕೂ ಬಂದಳು.

"ಮೊದಲ ಸಾಲಲ್ಲಿ ಹೆಸರು ಹೇಳಿ ಒಳಗಿನದು ಅಂತ ಮಾಡಿದ್ರೆ ಸೋರೋದಿಲ್ಲೆ. ಹೇಳೋಕೆ ಮರೆತರೆ ಸೋರ್ತದೆ. ಮರೆತವರ ತಪ್ಪು, ಯಂತ್ರದ್ದಲ್ಲ."

ಒಳಗಿನಿಂದ ಸರೋಜಾ ಬಂದಳು, ಕೈಯಲ್ಲಿ ಸೌಟು. "ಮಾವ, ಅಂದ ಹಾಗೆ ನನ್ನದೂ ಒಂದು ಮಾತಿತ್ತು. ಹೋದ ದೀಪಾವಳಿಯಿಂದ ಹೇಳೋಣ ಅಂತಿದ್ದೆ."

"ಹೇಳಮ್ಮ."

"ನಿಮಗೆ ಉಪ್ಪು ಕಡಿಮೆ ಹಾಕ್ತಾ ಇರೋದು ನಾನು ಮರೆತಲ್ಲ. ಡಾಕ್ಟರು ಹೇಳಿದ್ದಾರೆ. ನಿಮ್ಮ ಪ್ರೆಷರ್ ಗುಳಿಗೆ ಹೆಚ್ಚು ಮಾಡೋ ಬದ್ಲು ಉಪ್ಪು ಇಳಿಸಿ ನೋಡೋಣ ಅಂದರು. ಹೇಳೋಕೆ ಬಂದಾಗೆಲ್ಲ ನೀವು ತಟ್ಟೆ ತಳ್ಳಿದಿರಿ."

ನಾನು ಕೋಟು ಬಿಚ್ಚಿ ಮೊಳೆಗೆ ಹಾಕಿದೆ. ಈ ಮನೆಯಲ್ಲಿ ಎಲ್ಲರಿಗೂ ಒಂದೊಂದು ಮಾತು ಬಾಕಿ ಇದೆಯೋ ಏನೋ.

ಮಾರ್ಚ್ 6, ಗುರುವಾರ

ನಾಳೆ ವೈವಾ. ಧರ್ಮಲಿಂಗನಿಗೆ ರಜ ಇಲ್ಲ. ನಾನು ಹೋಗುತ್ತೇನೆ. ಅವಳು ಬೇಡ ಅನ್ನಲಿಲ್ಲ.

ಮಾರ್ಚ್ 7, ಶುಕ್ರವಾರ

ಮಂಡಿ ನೋಯುತ್ತಿದೆ, ಆದರೂ ಇವತ್ತೇ ಬರೆಯಬೇಕು.

ಅವಳು ಕೋಣೆಯೊಳಗೆ ಹೋದಳು, ನಾನು ವರಾಂಡದ ಬೆಂಚಿನಲ್ಲಿ ಕೂತೆ. ಬಾಗಿಲು ಮುಚ್ಚಿದ್ದರು. ಅವಳ ಸದ್ದು ಜಿನುಗುವ ನೀರಿನ ಹಾಗೆ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಗಂಡಸಿನ ದನಿಯೊಂದು ಜೋರಾಗಿ ಬಂತು. ಅವಳ ಸದ್ದು ನಿಂತಿತು. ನಾನು ಎದ್ದು ನಿಂತೆ. ಬಾಗಿಲು ತಳ್ಳಿ ಒಳಗೆ ಹೋಗಿ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ, ಹಿಡಿಯ ಮೇಲೆ ಕೈ ಇಟ್ಟಿದ್ದಂತೂ ನಿಜ. ಆಗ ಅವಳ ಸದ್ದು ಮತ್ತೆ ಶುರುವಾಯಿತು. ಕೈ ತೆಗೆದು ಬಂದು ಕೂತೆ.

ಎಲ್ಲ ಮುಗಿದು ಹೊರಗೆ ಬಂದಳು. ಮುಖದಲ್ಲಿ ಏನೂ ತಿಳಿಯಲಿಲ್ಲ, ಬೆವರಿದ್ದಳು. ಹಿಂದೆಯೇ ಗಾಯತ್ರಿ ಮ್ಯಾಡಮ್ ಬಂದರು. "ಅಜ್ಜ, ನಿಮ್ಮ ಮೊಮ್ಮಗಳು..." ಅಂದರು.

"ಮ್ಯಾಡಮ್, ನಾನೇ ಹೇಳ್ತೀನಿ. ಮೊದಲಿಂದ ಹೇಳಬೇಕು" ಅಂದಳು ಸಿಂಧುಜಾ. ಮ್ಯಾಡಮ್ ತುಟಿ ಮುಚ್ಚಿಕೊಂಡು ನನ್ನನ್ನು ನೋಡಿದರು. ನಗುವೋ ಮರುಕವೋ ತಿಳಿಯದ ಮುಖ. ಮೇಷ್ಟರುಗಳು ಅದನ್ನು ಎಲ್ಲಿ ಕಲಿಯುತ್ತಾರೋ.

ಎಮರಾಲ್ಡ್ ಕಡೆಗೆ ಹೋಗುವ ಬಸ್ಸಿನಲ್ಲಿ ಸೀಟು ಸಿಕ್ಕಿತು. ಪಾಸೋ ಫೇಲೋ, ಒಂದೇ ಮಾತು, ನಾಲಿಗೆಯ ತುದಿಯಲ್ಲಿತ್ತು. ಆದರೆ ಅವಳು ಆಗಲೇ ಶುರು ಮಾಡಿದ್ದಳು. ಹೊರಗಿನ ತಂಪಿನಿಂದ ಒಳಗೆ ಹೋದ ಕೂಡಲೇ ಕನ್ನಡಕ ಮಂಜಾದದ್ದು, ಒರೆಸಲು ಬಟ್ಟೆ ಇಲ್ಲದೆ ಶಾಲಿನಲ್ಲಿ ಒರೆಸಿದ್ದು, ಅದನ್ನೂ ಬಿಡಲಿಲ್ಲ. ಕಿಟಕಿಯ ಆಚೆ ಕ್ಯಾರೆಟ್ ತೊಳೆಯುವವರು, ಲಾರಿಗೆ ಮೂಟೆ ಏರಿಸುವವರು ಹಿಂದೆ ಹೋಗುತ್ತಿದ್ದರು. ಅವಳ ಕಣ್ಣು ನನ್ನ ಮೇಲೆಯೇ ಇತ್ತು.

"ಅದೇ ಸಾರ್ ಅಜ್ಜ. ಅದೇ ಕೋಟು. ನಾನು ಸೂತ್ರ ಕೊಡೋಕೂ ಅವರು ಕೈ ಎತ್ತೋಕೂ ಸರಿಹೋಯ್ತು. ನನ್ನ ಕತ್ತು ಹೊರಟೇ ಬಿಟ್ಟಿತ್ತು. ಈ ಕೋಣೆಯೊಳಗೆ ಆ ಕೈ ಬೇರೆ ಅಂತ ಮನಸಲ್ಲೇ ಹೇಳಿಕೊಂಡೆ. ಸಾರ್, ಈ ಮಾತು ಮುಗಿಸಿ ನಿಮ್ಮ ಪ್ರಶ್ನೆಗೆ ಬರ್ತೀನಿ ಅಂದೆ. ಅವರು ಕೈ ಇಳಿಸಿದರು! ಅಷ್ಟೇ ಅಜ್ಜ. ಸುಮ್ಮನೆ ಇಳಿಸಿದರು. ಅವರಿಗೆ ಬೇಜಾರೂ ಆಗಲಿಲ್ಲ."

ಒಬ್ಬ ಹೆಂಗಸು ಕೋಸಿನ ಚೀಲವನ್ನು ನನ್ನ ಪಾದದ ಮೇಲೆ ಇಟ್ಟಳು. ಇರಲಿ ಅಂತ ಬಿಟ್ಟೆ.

"ಆಮೇಲೆ ಕೇಳಿದರು, ಹೋದ ಸಲ ಗೆರೆ ಯಾಕೆ ನೆಟ್ಟಗೆ ಬಂತು ಅಂತ. ನಾನು ಬಾಯಲ್ಲಿ ಹೇಳಲಿಲ್ಲ. ಬೇಕು ಅಂತಲೇ ಟಿ ಇಪ್ಪತ್ತೆರಡು ಅಂತ ಹಾಕಿದೆ. ಗೀಟಿಲ್ಲದೆ ಸೂತ್ರ ಕಳಿಸಿದೆ. ನೆಟ್ಟಗೆ ಬಂತು. ಅವರು ಮುಂದಕ್ಕೆ ಬಗ್ಗಿದರು. ಆಮೇಲೆ ಗೀಟು ಹಾಕಿ ಕಳಿಸಿದೆ, ಅದೇ ಸೂತ್ರ. ಗೆರೆ ಬಾಗಿಕೊಂಡು ಚೆಂದವಾಗಿ ಕೆಳಗೆ ಬಂತು ಅಜ್ಜ, ನಮ್ಮ ಹಟ್ಟಿಯಿಂದ ಹಳ್ಳಕ್ಕೆ ಇಳಿಯೋ ದಾರಿ ಥರ. ಅವರು ಸುಮ್ಮನೆ ನೋಡ್ತಾ ಇದ್ದರು. ಆಮೇಲೆ, ಈಗ ಹೊರಗೆ ಟಿ ಎಷ್ಟು ಅಂತ ಕೇಳಿದರು. ನೀವು ಕೋಟು ಹಾಕ್ಕೊಂಡು ಕೇಳಿದ್ರಲ್ಲ, ಸೋರಿದರೆ ಅಂತ, ಅದೇ! ನಾನು ಟಿ ಅಂತ ಒತ್ತಿದೆ. ಒತ್ತಿದ ಮೇಲೆ ಅದು ಏನು ತೋರಿಸ್ತದೋ ಅಂತ ನನಗೇ..."

ಬಸ್ಸು ನಿಂತಿತು. ಜನ ಇಳಿದರು, ಹತ್ತಿದರು. ಹೊರಟಿತು.

"...ನನಗೇ ಒಂದು ಕ್ಷಣ ಅನುಮಾನ ಬಂತು. ಇಪ್ಪತ್ತೆರಡು ಅಂತ ಬಂತು. ಹಾಗೇ ಇತ್ತು."

ಕಂಡಕ್ಟರು ಹಿಂದಿನಿಂದ ಕೂಗಿದ. "ಪೆರಿಯವರೇ, ಅಜ್ಜ! ನಿಮ್ಮ ಸ್ಟಾಪ್ ಹೋಯ್ತಲ್ಲ! ನಿದ್ದೆನಾ?"

ಮುಂದಿನ ಸ್ಟಾಪಿನಲ್ಲಿ ಇಳಿದೆವು. ವಾಪಸು ಬರುವ ದಾರಿ ಪೂರ್ತಿ ಏರು, ಬಿಸಿಲು ಬೇರೆ. ಅವಳು ನನ್ನ ಕೊಡೆ ಹಿಡಿದುಕೊಂಡು ಪಕ್ಕದಲ್ಲಿ ನಡೆಯುತ್ತಾ ಮಿಕ್ಕದ್ದನ್ನು ಹೇಳಿದಳು. ಮೇಷ್ಟರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದು, ಇವಳನ್ನು ಹೊರಗೆ ಕಳಿಸದೆ ಅಲ್ಲೇ ಪಿಸುಗುಟ್ಟಿದ್ದು, ಆ ಕೊಯಮತ್ತೂರಿನವರು ಎದ್ದು ಬಂದು ಇನ್ನೊಮ್ಮೆ ಆ ಗೆರೆ ಎಳೆ ಅಂದದ್ದು. ಏರಿನ ಅರ್ಧಕ್ಕೆ ಬಂದು ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ಮಾತು ಕೊನೆಗೆ ಬಂತು.

"ಪಾಸು ಅಜ್ಜ. ನೂರಕ್ಕೆ ಎಂಬತ್ತೊಂದು."

ಕಲ್ಲಿನ ಮೇಲೆ ಕೂತು ಬೂಟು ಬಿಚ್ಚಿ, ಇಲ್ಲದ ಕಲ್ಲನ್ನು ಒದರಿ, ಮತ್ತೆ ಹಾಕಿಕೊಂಡೆ.

"ಸ್ಟಾಪ್ ಬಂದಾಗ ಯಾಕಜ್ಜ ಹೇಳಲಿಲ್ಲ? ನಿಮಗೆ ಮಂಡಿ ನೋವು."

"ಕಾಣಲಿಲ್ಲ" ಅಂದೆ.

ಚೆನ್ನಾಗೇ ಕಂಡಿತ್ತು. ನಮ್ಮ ಸ್ಟಾಪಿನಲ್ಲಿ ಎಲೆ ಮೂಟೆ ಇಳಿಸಿ ನಿಂತಿದ್ದ ಮೇಲಿನ ಮನೆಯ ವಳ್ಳಿ ನನ್ನನ್ನು ನೋಡಿ ಕೈ ಬೀಸಿದ್ದೂ ಕಂಡಿತ್ತು. ಆದರೆ ಆ ಹೊತ್ತಿಗೆ ಇವಳು ಒಂದು ಮಾತಿನ ನಡುವೆ ಇದ್ದಳು.